ಬಸ್ಸಿನೊಳಗಿನ ಬುದ್ಧಿವಂತ ಯಂತ್ರ: ಕೇಳುವವರು ಯಾರು?

ಬೇಸಿಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಜೂನ್ ತಿಂಗಳಲ್ಲಿ ಆದೋನಿಯ ಗೋಡೆಗಳ ಮೇಲೂ ಹೊಳಗುಂದ, ಕೌತಾಳ, ಕೋಸಿಗಿ, ಪೆದ್ದಕಡಬೂರು ಕಡೆಗೆ ಹಂಚಲಾಗುವ ಕರಪತ್ರಗಳಲ್ಲಿಯೂ ಖಾಸಗಿ ಶಾಲೆಗಳ ಜಾಹೀರಾತುಗಳು ತುಂಬಿರುತ್ತವೆ. ಮೊದಲೆಲ್ಲ ಅವುಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ, ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರ, ಇಂಗ್ಲಿಷ್ ಮಾಧ್ಯಮ ಎಂಬ ದೊಡ್ಡಕ್ಷರದ ಘೋಷಣೆ, ಇಷ್ಟೇ ಇರುತ್ತಿತ್ತು. ಈಚಿನ ವರ್ಷಗಳಲ್ಲಿ ಅವುಗಳ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಕೊಂಡಿದೆ: ಜಿಪಿಎಸ್ ಅಳವಡಿಸಿದ ಬಸ್ಸು, ಮಗು ಎಲ್ಲಿದೆ ಎಂದು ನಿಮ್ಮ ಫೋನಿನಲ್ಲಿಯೇ ನೋಡಬಹುದು. ನಮ್ಮ ಕನ್ನಡ ಮಾಧ್ಯಮದ ಶಾಲೆಗಳು ಬಹುಮಟ್ಟಿಗೆ ಸರಕಾರಿ ಶಾಲೆಗಳು. ಅವುಗಳಿಗೆ ಸ್ವಂತ ಬಸ್ಸಿಲ್ಲ. ಮಗಳನ್ನು ಕನ್ನಡ ಶಾಲೆಯಿಂದ ಬಿಡಿಸಿ ಬೇರೆಡೆ ಸೇರಿಸಿದ ತಾಯಂದಿರನ್ನು ಕಾರಣ ಕೇಳಿ ನೋಡಿ. ಭಾಷೆಯ ಮೇಲಿನ ಅಸಡ್ಡೆಗಿಂತ ಹೆಚ್ಚಾಗಿ, "ಬಸ್ಸು ಬಾಗಿಲಿಗೆ ಬರುತ್ತದೆ ಸಾರ್, ಎಲ್ಲಿದೆ ಅಂತ ಗೊತ್ತಾಗುತ್ತದೆ" ಎಂಬ ಉತ್ತರವೇ ಬರುತ್ತದೆ. ಆದ್ದರಿಂದ ವಾಹನದೊಳಗಿನ ಈ ಬುದ್ಧಿವಂತ ಯಂತ್ರಗಳ ವಿಚಾರವು ನಮಗೆ ದೂರದ ನಗರದ ಸುದ್ದಿಯಲ್ಲ. ನಮ್ಮ ಶಾಲೆಗಳ ಹಾಜರಿ ಪುಸ್ತಕಕ್ಕೆ ಸಂಬಂಧಿಸಿದ ಸುದ್ದಿ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆಗೆ ಬಂದವು. ಗಡಿ ಸರಿಯಿತು, ರಸ್ತೆ ಸರಿಯಲಿಲ್ಲ. ಇಂದಿಗೂ ನಮ್ಮ ಮಕ್ಕಳು ಓಡಾಡುವ ದಾರಿಗಳು ಬಳ್ಳಾರಿ, ಸಿರುಗುಪ್ಪ, ರಾಯಚೂರುಗಳ ಕಡೆಗೂ ಚಾಚಿಕೊಂಡಿವೆ. ಆಲೂರು, ಆದೋನಿ, ಎಮ್ಮಿಗನೂರು, ಮಂತ್ರಾಲಯಗಳನ್ನು ಹಾದುಹೋಗುವ 167ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಎರಡು ರಾಜ್ಯಗಳ ಸಾರಿಗೆ ಬಸ್ಸುಗಳು, ಹತ್ತಿ ಹೊತ್ತ ಲಾರಿಗಳು, ಕೂಲಿಯವರನ್ನು ತುಂಬಿದ ಸಣ್ಣ ಗಾಡಿಗಳು, ಮೂವರು ಕುಳಿತ ಬೈಕುಗಳು ಒಟ್ಟಿಗೆ ಸಾಗುತ್ತವೆ. 2025ರ ಜನವರಿ 21ರ ರಾತ್ರಿ ಮಂತ್ರಾಲಯದಿಂದ ಹಂಪಿಗೆ ಹೊರಟ ವಿದ್ಯಾರ್ಥಿಗಳ ವಾಹನವು ಸಿಂಧನೂರಿನ ಬಳಿ ಉರುಳಿ ಮೂವರು ವಿದ್ಯಾರ್ಥಿಗಳೂ ಚಾಲಕನೂ ತೀರಿಕೊಂಡರು. ಅದೇ ಮಾರ್ಚ್ ಮೊದಲ ವಾರದಲ್ಲಿ ಆದೋನಿಯ ಸಮೀಪದ ಪಾಂಡವಗಲ್ಲಿನ ಬಳಿ ಕರ್ನಾಟಕದ ಸಾರಿಗೆ ಬಸ್ಸೊಂದು ಎರಡು ಬೈಕುಗಳಿಗೆ ಬಡಿದು ಐವರು ಸತ್ತರು. ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಬಳಿಯ ಚಿನ್ನಟೇಕೂರಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುತ್ತಿದ್ದ ಖಾಸಗಿ ಬಸ್ಸು ಉರಿದು 19 ಪ್ರಯಾಣಿಕರು ಸುಟ್ಟುಹೋದರು. ಒಂದೇ ವರ್ಷದಲ್ಲಿ ನಮ್ಮ ಸುತ್ತಿನ ರಸ್ತೆಗಳಲ್ಲಿ ನಡೆದ ಸಂಗತಿಗಳಿವು. ಯಂತ್ರವೊಂದಿದ್ದಿದ್ದರೆ ಇವರೆಲ್ಲ ಉಳಿಯುತ್ತಿದ್ದರು ಎಂದು ಹೇಳುವುದು ಅವಿವೇಕ. ಆದರೆ ಯಾವ ಯಂತ್ರ ಏನನ್ನು ತಡೆಯಬಲ್ಲದು, ಕಾನೂನು ಅದನ್ನು ಯಾವ ವಾಹನಕ್ಕೆ ಕಡ್ಡಾಯ ಮಾಡಿದೆ, ಯಾವುದನ್ನು ಬಿಟ್ಟಿದೆ ಎಂದು ತಿಳಿಯದೆ ಕರಪತ್ರದ ಒಂದು ಸಾಲಿಗೆ ಮರುಳಾಗುವುದೂ ಅವಿವೇಕವೇ.

ಮೊದಲು ಜಿಪಿಎಸ್ ಎಂದು ನಾವು ಸಾರಾಸಗಟಾಗಿ ಕರೆಯುವ ವಸ್ತುವನ್ನು ನೋಡೋಣ. ಪೇಟೆಯಲ್ಲಿ ಸಿಗುವ ಅಗ್ಗದ ಪೆಟ್ಟಿಗೆಯೊಂದಿದೆ. ಅದು ವಾಹನ ಎಲ್ಲಿದೆ ಎಂಬುದನ್ನು ಮೊಬೈಲ್ ಜಾಲದ ಮೂಲಕ ಮಾಲೀಕನಿಗೆ ತಿಳಿಸುತ್ತದೆ, ಅಷ್ಟೇ. ಇನ್ನೊಂದು, ಸರಕಾರವು ಎಐಎಸ್-140 ಎಂಬ ಮಾನದಂಡದಲ್ಲಿ ವಿವರಿಸಿದ ಸಾಧನ. ಇದು ಸ್ಥಳ ಮತ್ತು ವೇಗವನ್ನು ಸರಕಾರ ಗೊತ್ತುಮಾಡಿದ ಕೇಂದ್ರಕ್ಕೆ ಕಳುಹಿಸಬೇಕು. ಯಾರಾದರೂ ವಾಹನದ ಬ್ಯಾಟರಿಯ ತಂತಿ ಕಿತ್ತರೆ ಆ ಸಂಗತಿಯನ್ನೂ ತಿಳಿಸಬೇಕು. ಅದಕ್ಕಾಗಿ ತನ್ನೊಳಗೆ ಬೇರೆ ಬ್ಯಾಟರಿ ಹೊಂದಿರಬೇಕು. ಪ್ರಯಾಣಿಕರ ಕೈಗೆ ಎಟುಕುವಂತೆ ತುರ್ತು ಗುಂಡಿ ಇರಬೇಕು. ದೆಹಲಿಯ 2012ರ ಘಟನೆಯ ನಂತರ ಹೆಣ್ಣುಮಕ್ಕಳ ಸುರಕ್ಷತೆಯ ಚರ್ಚೆಯಿಂದ ಹುಟ್ಟಿದ ಏರ್ಪಾಡು ಇದು. 2016ರ ನವೆಂಬರ್ 28ರ ಅಧಿಸೂಚನೆಯಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 125-ಎಚ್ ಎಂಬ ನಿಯಮ ಸೇರಿತು. ಎರಡು ಪೆಟ್ಟಿಗೆಗಳೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಕರಪತ್ರದಲ್ಲಿ ಯಾವುದೆಂದು ಬರೆದಿರುವುದಿಲ್ಲ.

ಇಲ್ಲಿ ವಕೀಲನಾದವನು ಓದುಗರ ಗಮನಕ್ಕೆ ತರಲೇಬೇಕಾದ ಒಂದು ಸೂಕ್ಷ್ಮವಿದೆ. 125-ಎಚ್ ನಿಯಮವು ಅನ್ವಯವಾಗುವುದು 'ಸಾರ್ವಜನಿಕ ಸೇವಾ ವಾಹನ'ಗಳಿಗೆ. ಮೋಟಾರು ವಾಹನ ಕಾಯ್ದೆಯ 2ನೆಯ ಪ್ರಕರಣದ 35ನೆಯ ಖಂಡದ ಪ್ರಕಾರ ಇದರರ್ಥ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಪ್ರಯಾಣಿಕರನ್ನು ಒಯ್ಯುವ ವಾಹನ. ಅದೇ ಪ್ರಕರಣದ 11ನೆಯ ಖಂಡವು 'ಶಿಕ್ಷಣ ಸಂಸ್ಥೆಯ ಬಸ್ಸು' ಎಂದು ಬೇರೆಯೇ ಒಂದು ವರ್ಗವನ್ನು ಹೇಳುತ್ತದೆ: ಸಂಸ್ಥೆಯೇ ಮಾಲೀಕನಾಗಿದ್ದು, ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಮಾತ್ರ ಒಯ್ಯುವ ಬಸ್ಸು. 47ನೆಯ ಖಂಡವು 'ಸಾರಿಗೆ ವಾಹನ' ಎಂಬ ದೊಡ್ಡ ಕೊಡೆಯ ಕೆಳಗೆ ಈ ಎರಡನ್ನೂ ಅಕ್ಕಪಕ್ಕದಲ್ಲಿ, ಬೇರೆ ಬೇರೆಯಾಗಿ ಎಣಿಸುತ್ತದೆ. ಅಂದಮೇಲೆ ಅಕ್ಷರಶಃ ಓದಿದರೆ, ಶಾಲೆಯು ಬಾಡಿಗೆಗೆ ಗೊತ್ತುಮಾಡಿದ ಬಸ್ಸಿಗೆ ಈ ಸಾಧನ ಕಡ್ಡಾಯ. ಶಾಲೆಯ ಸ್ವಂತ ಹಳದಿ ಬಸ್ಸಿಗೆ ಅಲ್ಲ ಎಂದು ವಾದಿಸಲು ಅವಕಾಶವುಂಟು. ತಿಂಗಳಿಗಿಷ್ಟು ಎಂದು ವಾಹನ ಶುಲ್ಕ ಪಡೆಯುವುದರಿಂದ ಅದೂ ಪ್ರತಿಫಲದ ಸಾರಿಗೆಯೇ ಎಂದು ಎದುರು ವಾದ ಹೂಡಬಹುದು. ವಾದ ಯಾವುದೇ ಗೆಲ್ಲಲಿ, ಕಾನೂನು ಬರೆದವರು ಮಕ್ಕಳ ಬಸ್ಸನ್ನು ಹೆಸರಿಸಿ ಒಂದು ಮಾತು ಸೇರಿಸಿದ್ದರೆ ಈ ಜಿಜ್ಞಾಸೆಯೇ ಇರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಕಿಂಡಿ ಇನ್ನೊಂದಿದೆ. ಅದೇ ನಿಯಮವು ದ್ವಿಚಕ್ರ ವಾಹನ, ಇ-ರಿಕ್ಷಾ, ತ್ರಿಚಕ್ರ ವಾಹನಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ನಮ್ಮ ಕಡೆಯ ಮಕ್ಕಳು ಶಾಲೆಗೆ ಹೋಗುವುದು ಯಾವುದರಲ್ಲಿ? ನಡೆದು ಹೋಗುವವರನ್ನೂ ಸಾರಿಗೆ ಬಸ್ಸಿನಲ್ಲಿ ಪಾಸು ಹಿಡಿದು ಹೋಗುವವರನ್ನೂ ಬಿಟ್ಟರೆ ಉಳಿದವರು ಹೋಗುವುದು ಆಟೋದಲ್ಲಿ, ಅಪ್ಪನ ಬೈಕಿನಲ್ಲಿ. ವೇಗ ನಿಯಂತ್ರಕದ ಕಥೆಯೂ ಹೀಗೆಯೇ. 118ನೆಯ ನಿಯಮವು 2015ರ ತಿದ್ದುಪಡಿಯ ನಂತರ ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿಲೋಮೀಟರ್, ಶಾಲಾ ಬಸ್ಸುಗಳಿಗೆ 60 ಕಿಲೋಮೀಟರ್ ಮಿತಿಯ ನಿಯಂತ್ರಕವನ್ನು ಹೇಳಿತು. ಆಟೋಗಳಿಗೆ ಅಲ್ಲಿಯೂ ವಿನಾಯಿತಿ. ದೆಹಲಿಯ ಮಟ್ಟಿಗೆ 1997ರ ಡಿಸೆಂಬರ್ 16ರಂದೇ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲಾ ಬಸ್ಸಿಗೆ 40 ಕಿಲೋಮೀಟರ್ ಎಂದು ವಿಧಿಸಿತ್ತು. ಚಾಲಕನಿಗೆ ಭಾರಿ ವಾಹನ ನಡೆಸಿದ ಐದು ವರ್ಷದ ಅನುಭವ ಬೇಕೆಂದೂ ಅತಿವೇಗಕ್ಕೆ ಒಮ್ಮೆ ದಂಡ ತೆತ್ತವನನ್ನು ಇಟ್ಟುಕೊಳ್ಳಬಾರದೆಂದೂ ಅದೇ ಆದೇಶ ಹೇಳಿತು. ಯಂತ್ರಕ್ಕಿಂತ ಮೊದಲು ಮನುಷ್ಯನನ್ನು ನೋಡಿದ ಆದೇಶ ಅದು. ಹಳೆಯದಾದರೂ ನನಗೆ ಹೆಚ್ಚು ಮೆಚ್ಚುಗೆ.

ಇನ್ನು ಬೇಡಿಕೆಯ ಮಾತು. ಇಂಥ ಸಾಧನಗಳನ್ನು ನಮ್ಮಲ್ಲಿ ಹಾಕಿಸುವುದು ಬಹುಪಾಲು ಅರ್ಹತಾ ಪತ್ರಕ್ಕಾಗಿ. ಸಾರಿಗೆ ಕಚೇರಿಯಲ್ಲಿ ವಾಹನ ತೋರಿಸುವ ದಿನ ದೀಪ ಹೊತ್ತಿರುತ್ತದೆ. ಸಿಮ್‌ನ ವಾರ್ಷಿಕ ಶುಲ್ಕ ಕಟ್ಟದೆ ಮರುವರ್ಷ ಅದು ಆರಿರುತ್ತದೆ. ಮಾಲೀಕನನ್ನು ಮಾತ್ರ ಬಯ್ದು ಪ್ರಯೋಜನವಿಲ್ಲ. ಡೀಸೆಲ್ಲಿನ ಲೆಕ್ಕಕ್ಕೆ, ಚಾಲಕ ಎಲ್ಲಿ ನಿಲ್ಲಿಸಿದ ಎಂದು ತಿಳಿಯುವುದಕ್ಕೆ ಉಪಯೋಗವಾಗುವ ಯಂತ್ರವನ್ನು ಅದೇ ಮಾಲೀಕ ತಾನಾಗಿಯೇ ಹಣ ಕೊಟ್ಟು ಹಾಕಿಸುತ್ತಾನೆ. ಲಾರಿ ಮಾಲೀಕರಲ್ಲಿ ಇದನ್ನು ನೋಡಬಹುದು. ಪ್ರಯಾಣಿಕನ ಉಪಯೋಗಕ್ಕಿರುವ ತುರ್ತು ಗುಂಡಿಯನ್ನು ಕೇಳುವವರಿಲ್ಲ. ಕೇಳದ್ದನ್ನು ಕೊಡುವವರೂ ಇಲ್ಲ.

ಆದರೆ ಕೇಳಿದರೆ ಪೇಟೆ ಬದಲಾಗುತ್ತದೆ ಎಂಬುದಕ್ಕೆ ಕಾರುಗಳೇ ಸಾಕ್ಷಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಮೂಲ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಐದಕ್ಕೂ ಶೂನ್ಯ ನಕ್ಷತ್ರ ಬಂತು. ಆಗ ತಯಾರಕರ ಉತ್ತರ ಸಿದ್ಧವಾಗಿತ್ತು: ಭಾರತದ ಗ್ರಾಹಕ ಕೇಳುವುದು ಮೈಲೇಜು, ಏರ್‌ಬ್ಯಾಗ್ ಅಲ್ಲ. ಐದು ವರ್ಷದೊಳಗೆ, 2018ರ ಕೊನೆಯಲ್ಲಿ, ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದು ಅದನ್ನೇ ಜಾಹೀರಾತಾಗಿ ಮಾಡಿಕೊಂಡಿತು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಸೀಟು ಬೆಲ್ಟು ಕಟ್ಟದಿದ್ದರೆ ಕೂಗುವ ಗಂಟೆ, ವೇಗ ಮೀರಿದರೆ ಎಚ್ಚರಿಸುವ ಧ್ವನಿ, ಹಿಂದಕ್ಕೆ ಬರುವಾಗಿನ ಸಂವೇದಕ ಕಡ್ಡಾಯವಾದವು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ನಕ್ಷತ್ರ ಪದ್ಧತಿ ಜಾರಿಗೆ ಬಂತು. ಈಗ ಆದೋನಿಯಲ್ಲಿ ಕಾರು ಕೊಳ್ಳುವ ಯುವಕನೂ ನಕ್ಷತ್ರ ಎಷ್ಟು ಎಂದು ಕೇಳುತ್ತಾನೆ. ಕೇಳಿ, ಕೊಂಡು, ಮನೆಗೆ ತಂದ ಮೇಲೆ ಆ ಗಂಟೆಯ ಬಾಯಿ ಮುಚ್ಚಿಸಲು ಬೆಲ್ಟಿನ ಕೊಂಡಿಯಷ್ಟನ್ನೇ ಪ್ರತ್ಯೇಕವಾಗಿ ಕೊಂಡು ಸಿಕ್ಕಿಸುವವರೂ ಉಂಟು. ಬುದ್ಧಿಯನ್ನು ಹಣ ಕೊಟ್ಟು ತಂದು ಅದರ ಕಿವಿ ಹಿಂಡುವ ಜಾಣತನ!

ಬೈಕಿನ ವಿಷಯ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಿಗೆ, ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ 2019ರ ಏಪ್ರಿಲ್‌ನಿಂದ ಕಡ್ಡಾಯ. ಅದಕ್ಕಿಂತ ಸಣ್ಣ ಬೈಕುಗಳಿಗೆ ಎರಡು ಬ್ರೇಕುಗಳನ್ನು ಒಟ್ಟಿಗೆ ಹಿಡಿಸುವ ಏರ್ಪಾಡಾದರೂ ಇರಬೇಕು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ತಂದೆಯು ಹಳೆಯ ಬೈಕು ಕೊಳ್ಳುವಾಗ ಅದು ಯಾವ ವರ್ಷದ್ದೆಂದು ನೋಡಲು ಇದೊಂದು ಕಾರಣ. ಹೆಲ್ಮೆಟ್ಟಿನ ಜಾಗವನ್ನು ಮಾತ್ರ ಯಾವ ಯಂತ್ರವೂ ತುಂಬಲಾರದು.

ಬೆಂಕಿಯ ವಿಷಯಕ್ಕೆ ಸಂಕ್ಷೇಪ ಸಲ್ಲದು. 2013ರ ಅಕ್ಟೋಬರ್ 30ರಂದು ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಬೆಂಗಳೂರು-ಹೈದರಾಬಾದ್ ಬಸ್ಸಿನಲ್ಲಿ 45 ಮಂದಿ ಸುಟ್ಟು ಸತ್ತರು. ಹನ್ನೆರಡು ವರ್ಷದ ನಂತರ ಅದೇ ಹೆದ್ದಾರಿಯಲ್ಲಿ, ನಮ್ಮ ಜಿಲ್ಲೆಯಲ್ಲಿ, ಚಿನ್ನಟೇಕೂರು. ಎರಡರ ನಡುವೆ ಕಾನೂನು ಸುಮ್ಮನೆ ಕುಳಿತಿರಲಿಲ್ಲ. ಎಂಜಿನ್ ಭಾಗದಲ್ಲಿ ಬೆಂಕಿಯನ್ನು ಗುರುತಿಸಿ ತಾನೇ ಆರಿಸುವ ವ್ಯವಸ್ಥೆಗೆ ಮಾನದಂಡ ಬಂತು. 2022ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ದೂರ ಪ್ರಯಾಣದ ಬಸ್ಸುಗಳಿಗೂ ಶಾಲಾ ಬಸ್ಸುಗಳಿಗೂ ಪ್ರಯಾಣಿಕರು ಕೂರುವ ಭಾಗದಲ್ಲಿಯೇ ಬೆಂಕಿಯ ಎಚ್ಚರಿಕೆ ಮತ್ತು ರಕ್ಷಣೆಯ ಸಾಧನವಿರಬೇಕೆಂದು ನಿಯಮ ಬಿಗಿಗೊಳಿಸಿತು. ಇಂಥ ಬೆಂಕಿಗಳಲ್ಲಿ ಸಾವು ಬರುವುದು ಬಹಳ ಸಲ ಜ್ವಾಲೆಗಿಂತ ಮೊದಲು ಹೊಗೆಯಿಂದ. ನಿದ್ದೆಯಲ್ಲಿದ್ದವನಿಗೆ ಎದ್ದು ಬಾಗಿಲು ಹುಡುಕಲು ದೊರೆಯುವ ಎರಡು ಮೂರು ನಿಮಿಷವೇ ಜೀವ. ಗಂಟೆ ಮೊಳಗಿದರೆ ಆ ನಿಮಿಷಗಳು ದೊರೆಯುತ್ತವೆ. ಆದರೆ ಹೊಸ ನಿಯಮ ಹೊಸ ಬಸ್ಸಿಗೆ. ನಮ್ಮ ಕಡೆಯ ಅನೇಕ ಶಾಲೆಗಳು ಕೊಳ್ಳುವುದು ಬೇರೆಡೆ ಓಡಿ ದಣಿದ ಹಳೆಯ ಬಸ್ಸನ್ನು; ಹಳದಿ ಬಣ್ಣ ಮಾತ್ರ ಹೊಸದು. ಅಂಥ ಬಸ್ಸಿನಲ್ಲಿ ಜಿಪಿಎಸ್ ಇದೆಯೇ ಎಂದು ಕೇಳುವ ಮುನ್ನ ತುರ್ತು ಬಾಗಿಲು ತೆರೆಯುತ್ತದೆಯೇ, ಅಥವಾ ಅದರ ಮುಂದೆ ಒಂದು ಸೀಟು ಹೆಚ್ಚಿಗೆ ಕೂರಿಸಿದ್ದಾರೆಯೇ ಎಂದು ನೋಡಬೇಕು.

ಇನ್ನು ಅಪಘಾತವಾದ ಮೇಲಿನ ಮಾತು. ಇದು ನನ್ನ ವೃತ್ತಿಗೆ ಹತ್ತಿರವಾದದ್ದು. ಕೆಲವು ವರ್ಷಗಳ ಹಿಂದೆ ತಂದೆಯೊಬ್ಬರು ನನ್ನ ಕಚೇರಿಗೆ ಬಂದು ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಮಗನ ಶಾಲಾ ಬಸ್ಸು ತಿರುವಿನಲ್ಲಿ ಹೊಲಕ್ಕಿಳಿದ ಬೆಳಿಗ್ಗೆ, ಆ್ಯಪಿನ ಪರದೆಯನ್ನು ಅವರು ಹಿಡಿದಿಟ್ಟಿದ್ದರು; ಅದರಲ್ಲಿ ವೇಗ, ಸಮಯ, ಸ್ಥಳ ಎಲ್ಲ ಇತ್ತು. ಇದಕ್ಕಿಂತ ಇನ್ನೇನು ಪುರಾವೆ ಬೇಕು ಎಂಬುದು ಅವರ ನಂಬಿಕೆ. ಎದುರು ಪಕ್ಷದ ವಕೀಲರು ಒಂದೇ ಪ್ರಶ್ನೆ ಕೇಳಿದರು: ಪ್ರಮಾಣಪತ್ರ ಎಲ್ಲಿ? ಮೂಲ ದಾಖಲೆ ಇದ್ದುದು ಸಾಧನ ಪೂರೈಸಿದ ಕಂಪನಿಯ ಸರ್ವರಿನಲ್ಲಿ. ನಾವು ಕೇಳಿದಾಗ, ಮೂರು ತಿಂಗಳಿಗೊಮ್ಮೆ ಅಳಿಸುತ್ತೇವೆ ಎಂಬ ಉತ್ತರ ಬಂತು. ಪ್ರಕರಣ ಸಾಕ್ಷಿಗಳ ಬಾಯಿಮಾತಿನ ಮೇಲೆಯೇ ನಡೆಯಿತು. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಲ್ಲಿಯೂ ಅದೇ ಮಾತುಂಟು. ಆದ್ದರಿಂದ ದುರದೃಷ್ಟವಶಾತ್ ಅಂಥ ದಿನ ಬಂದರೆ, ಮೊದಲ ವಾರದಲ್ಲಿಯೇ ಶಾಲೆಗೂ ಸಾಧನ ಪೂರೈಸಿದವರಿಗೂ ನೋಂದಾಯಿತ ಅಂಚೆಯಲ್ಲಿ ಒಂದು ಪತ್ರ ಹೋಗಬೇಕು: ಇಂಥ ದಿನದ, ಇಂಥ ವಾಹನದ ದಾಖಲೆಯನ್ನು ಅಳಿಸದೆ ಕಾಪಾಡಿರಿ ಎಂದು. ಪರಿಹಾರದ ಅರ್ಜಿಗೆ 166ನೆಯ ಪ್ರಕರಣದ 3ನೆಯ ಉಪಪ್ರಕರಣವು 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಇಟ್ಟಿದೆ; ಅದರ ಸಿಂಧುತ್ವ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿತವಾಗಿದ್ದರೂ ಅದನ್ನು ನಂಬಿ ಕುಳಿತುಕೊಳ್ಳಬೇಡಿ.

ಯಂತ್ರವೇ ಕೈಕೊಟ್ಟರೆ? 2015ರಲ್ಲಿ ಒಬ್ಬ ಗ್ರಾಹಕರು ಕಾರು ಕೊಂಡರು; 2017ರ ನವೆಂಬರ್‌ನಲ್ಲಿ ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತವಾದಾಗ ಏರ್‌ಬ್ಯಾಗ್ ತೆರೆಯಲಿಲ್ಲ. ಡಿಕ್ಕಿಯ ರಭಸ ಸಾಲದಾಗಿತ್ತು ಎಂಬುದು ತಯಾರಕರ ವಾದ. 2022ರ ಏಪ್ರಿಲ್ 20ರಂದು ಹ್ಯುಂಡೈ ಮೋಟಾರ್ ಇಂಡಿಯಾ ವಿರುದ್ಧ ಶೈಲೇಂದ್ರ ಭಟ್ನಾಗರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. ವೇಗವೆಷ್ಟು, ಬಲವೆಷ್ಟು ಎಂದು ಲೆಕ್ಕ ಹಾಕಲು ಕೊಳ್ಳುವವನು ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ. ಏರ್‌ಬ್ಯಾಗ್ ಇದೆ ಎಂದು ಮಾರಿದರೆ ಮುಂಭಾಗದ ಡಿಕ್ಕಿಯಲ್ಲಿ ಅದು ತೆರೆಯುತ್ತದೆ ಎಂದು ಅವನು ನಂಬುವುದು ಸಹಜ ಎಂಬುದು ಆ ತೀರ್ಪಿನ ತಿರುಳು. ಪರಿಹಾರವೂ ವಾಹನದ ಬದಲಾವಣೆಯೂ ದೊರೆತವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಕಾರಿಗೂ ಕರ್ನೂಲಿನ ಆಯೋಗ ಸಾಕು. ಶಾಲಾ ಬಸ್ಸಿನ ವಿಷಯದಲ್ಲಿ ದಾರಿ ಇಷ್ಟು ನೇರವಲ್ಲ, ಏಕೆಂದರೆ ಶಿಕ್ಷಣ ಸಂಸ್ಥೆ ಕೊಡುವುದು 'ಸೇವೆ'ಯೇ ಎಂಬುದೇ ವಿವಾದದಲ್ಲಿದೆ. ಬೋಧನಾ ಶುಲ್ಕದೊಳಗೆ ಬೆರೆಸದೆ ವಾಹನ ಶುಲ್ಕಕ್ಕೆ ಬೇರೆ ರಸೀದಿ ಕೇಳಿ ಪಡೆದಿರುವುದು ಒಳ್ಳೆಯದು.

ಭಾಷೆಯ ಪ್ರಶ್ನೆಯನ್ನು ಬಿಟ್ಟರೆ ಈ ಪತ್ರಿಕೆಯ ಓದುಗರು ನನ್ನನ್ನು ಬಿಡಲಾರರು. ಮೈಸೂರಿನಲ್ಲಿ 2012ರ ನವೆಂಬರ್‌ನಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 'ಮಿತ್ರ' ಎಂಬ ಹೆಸರಿನಲ್ಲಿ ಸುಮಾರು 500 ನಗರ ಬಸ್ಸುಗಳಿಗೆ ಇಂಥ ಸಾಧನ ಹಾಕಿತು. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ನಿಲ್ದಾಣದ ಫಲಕ ಹೇಳಬೇಕು, ಮುಂದಿನ ನಿಲ್ದಾಣ ಯಾವುದೆಂದು ಬಸ್ಸಿನೊಳಗೆ ಕನ್ನಡದಲ್ಲಿ ಕೂಗಬೇಕು ಎಂಬುದು ಅದರ ಉದ್ದೇಶ. ಓದು ಬಾರದ ಅಜ್ಜಿಗೂ ಪ್ರಯೋಜನವಾಗುವ ಬುದ್ಧಿವಂತಿಕೆ ಅದು. ನಮ್ಮ ಕಡೆ ಶಾಲಾ ಬಸ್ಸಿನ ಆ್ಯಪುಗಳು ಸಂದೇಶ ಕಳಿಸುವುದು ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ತೆಲುಗಿನಲ್ಲಿ. ಹತ್ತಿ ಬಿಡಿಸಲು ಹೋದ ತಾಯಿಯ ಕೈಯಲ್ಲಿ ಗುಂಡಿಯ ಫೋನಿದೆ. ಮೆಣಸಿನಕಾಯಿ ಕೊಯ್ಲಿಗೆ ಗುಂಟೂರಿನ ಕಡೆಗೆ ವಲಸೆ ಹೋದ ತಂದೆ-ತಾಯಿ ಮಗುವನ್ನು ಅಜ್ಜಿಯ ಬಳಿ ಬಿಟ್ಟಿರುತ್ತಾರೆ. ಅವರಿಗೆ ಬೇಕಾದದ್ದು ನಕಾಶೆಯ ಮೇಲೆ ಚಲಿಸುವ ಚುಕ್ಕೆಯಲ್ಲ. "ಮಗು ಇಳಿಯಿತು" ಎಂಬ ಒಂದು ಕನ್ನಡದ ಕರೆ. ಅದನ್ನು ತಾನಾಗಿ ಮಾಡುವ ತಂತ್ರಾಂಶ ಇಂದು ದುಬಾರಿಯೂ ಅಲ್ಲ, ಅಪರೂಪವೂ ಅಲ್ಲ. ಯಾರೂ ಕೇಳಿಲ್ಲ, ಅಷ್ಟೇ.

ಮಗುವಿನ ಚಲನವಲನದ ಮಾಹಿತಿ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೆಯ ಪ್ರಕರಣವು ಮಕ್ಕಳ ಜಾಡು ಹಿಡಿಯುವುದನ್ನು ನಿಷೇಧಿಸುತ್ತದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಶಾಲಾ ಸಾರಿಗೆಗೆ ಒಂದು ವಿನಾಯಿತಿ ಕೊಟ್ಟಿವೆ. ಅದೂ ಶಾಲೆಗೆ ಹೋಗಿಬರುವ ಹೊತ್ತಿನಲ್ಲಿ, ಸುರಕ್ಷತೆಗಾಗಿ, ಸ್ಥಳ ತಿಳಿಯುವಷ್ಟಕ್ಕೆ ಮಾತ್ರ. ಪ್ರಯಾಣ ಮುಗಿದ ಮೇಲೂ ಮಗುವಿನ ಫೋಟೋ, ಮನೆಯ ಜಾಗ, ತಾಯಿಯ ನಂಬರನ್ನು ಜಾಹೀರಾತಿಗೆ ಬಳಸುವ ಆ್ಯಪಿಗೆ ಆ ವಿನಾಯಿತಿಯ ಆಸರೆಯಿಲ್ಲ. ನಿಯಮಗಳ ಮುಖ್ಯ ಭಾಗ ಹಂತಹಂತವಾಗಿ ಜಾರಿಗೆ ಬರಲಿದೆ.

ಕನ್ನಡ ಶಾಲೆಗಳ ಪಾಲಕರಿಗೆ ನಾನು ಸೂಚಿಸುವ ಕೆಲಸ ಒಂದೇ. ಪಾಲಕರ ಸಮಿತಿಯ ಸಭೆಯಲ್ಲಿ, ಮಕ್ಕಳು ಬರುವ ಆಟೋಗಳ ಪಟ್ಟಿಯನ್ನು ನಾವೇ ಮಾಡೋಣ: ಚಾಲಕ ಯಾರು, ಲೈಸೆನ್ಸ್ ಎಂದಿನವರೆಗೆ, ಎಷ್ಟು ಮಕ್ಕಳು. ಹೆಚ್ಚಿಗೆ ಕೂರಿಸಿದ ಪ್ರತಿ ಪ್ರಯಾಣಿಕನಿಗೆ 200 ರೂಪಾಯಿ ದಂಡವೆಂದು 194-ಎ ಪ್ರಕರಣ ಹೇಳುತ್ತದೆ. ದಂಡಕ್ಕಿಂತ ಆ ಪಟ್ಟಿಯನ್ನು ಚಾಲಕನ ಎದುರಿಗೆ ಇಡುವುದೇ ಹೆಚ್ಚು ಕೆಲಸ ಮಾಡೀತು. ಅನಂತರ ಸಾರಿಗೆ ಅಧಿಕಾರಿಗಳಿಗೆ ಒಂದು ಮನವಿ: ನಮ್ಮ ಮಾರ್ಗದ ಶಾಲಾ ಬಸ್ಸುಗಳಲ್ಲಿ ಎಷ್ಟಕ್ಕೆ ವೇಗ ನಿಯಂತ್ರಕವಿದೆ, ಎಷ್ಟಕ್ಕೆ ಎಐಎಸ್-140 ಸಾಧನ ಚಾಲನೆಯಲ್ಲಿದೆ, ಸಂದೇಶಗಳನ್ನು ಕನ್ನಡದಲ್ಲಿಯೂ ಕಳಿಸುವಂತೆ ಸೂಚಿಸಬಹುದೇ. ಮಾಹಿತಿ ಹಕ್ಕಿನ ಅರ್ಜಿಯಾದರೆ ಇಂಗ್ಲಿಷ್, ಹಿಂದಿ ಅಥವಾ ಇಲ್ಲಿಯ ಆಡಳಿತ ಭಾಷೆಯಾದ ತೆಲುಗಿನಲ್ಲಿ ಇರಬೇಕು. ಕುಂದುಕೊರತೆಯ ಮನವಿಗೆ ಆ ಕಟ್ಟು ಇಲ್ಲ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅದನ್ನು ಯಾವ ಅಧಿಕಾರಿಗೂ ಸಲ್ಲಿಸಬಹುದು. ಎರಡನ್ನೂ ಒಂದೇ ದಿನ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯರ ಕಡತದಲ್ಲಿ ಇರಿಸಿರಿ.